ಕಾರಿನೊಳಗೆ ಹಾವು ತಪ್ಪಿಸಿಕೊಂಡರೆ ಮೊದಲು ಸೀಟು ಮುಟ್ಟಬೇಡಿ

ಫೋನ್ ಬಂದ ಕೂಡಲೇ ಗ್ಯಾರೇಜಿನಿಂದ ಹೋಗಬೇಕಾದ ಮೊದಲ ಮಾತು ಇದು: "ಸಾಹೇಬ್ರ, ಸೀಟು ಹಿಂದ-ಮುಂದ ಸರಸಬ್ಯಾಡ್ರಿ. ಎಸಿನೂ ಹಚ್ಚಬ್ಯಾಡ್ರಿ." ಸಾಕಿದ ಹಾವನ್ನು ಒಯ್ಯುತ್ತಿದ್ದ ಡಬ್ಬಿ ಖಾಲಿ ಕಂಡ ಮಾಲೀಕರು ಮಾಡುವ ಮೊದಲ ಕೆಲಸವೇ ಸೀಟನ್ನು ಪೂರ್ತಿ ಹಿಂದೆ ತಳ್ಳಿ, ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡುವುದು. ಸೀಟು ಜಾರುವ ರೇಲ್ ಹಾವಿಗೆ ಮೆಚ್ಚಿನ ಜಾಗ. ಇಕ್ಕಟ್ಟು, ಕತ್ತಲು, ಮೈಯ ಎರಡೂ ಬದಿಗೆ ಆನಿಕೆ. ಅದರ ಮೇಲೆ ಸೀಟು ಒಮ್ಮೆ ಸರಿದರೆ ಪಕ್ಕೆಲುಬು ಮುರಿಯುತ್ತದೆ.

ವಿಜಯಪುರದ ಕಡೆ ಸಾಕಿದ ಹಾವು ಕಳೆದುಕೊಂಡ ಗಾಡಿ ಅಪರೂಪ. ಹೊಲದ ಬದುವಿನಲ್ಲಿ ನಿಲ್ಲಿಸಿದಾಗ ಇಲಿಯ ಹಿಂದೆ ಹಾವು ಹೊಕ್ಕ ಗಾಡಿಗಳೇ ಹೆಚ್ಚು. ಹುಡುಕುವ, ಬಿಚ್ಚುವ ಕೆಲಸ ಎರಡಕ್ಕೂ ಒಂದೇ. ಕೈ ಹಾಕುವುದು ಮಾತ್ರ ಬೇರೆ. ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಜನ ಸಾಕುವುದು ಹೆಚ್ಚಾಗಿ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವು. ವಿಷವಿಲ್ಲ, ಬೆಳೆದದ್ದು ಮೂರರಿಂದ ಐದು ಅಡಿ. ಅದಕ್ಕೂ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಆಗಿರಬೇಕು. ಕಾಗದದ ಜೊತೆ ಹಾವಿನ ಫೋಟೋ ಕೇಳಿ ಪಡೆಯಿರಿ. ಒಳಗಿರುವುದು ಅದೇ ಹಾವು ಎನ್ನಲು ಬೇರೆ ಗುರುತಿಲ್ಲ. ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಎಂದುಕೊಂಡು ಕೈ ಹಾಕಿ ಕಚ್ಚಿಸಿಕೊಂಡವರಿದ್ದಾರೆ. ಕೊಳಕುಮಂಡಲದ ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ದುಂಡು ಮಚ್ಚೆ, ಹುರುಪೆ ಒರಟು. ಬಾಲ್ ಪೈಥಾನಿನ ಮೈ ನುಣುಪು, ಮಚ್ಚೆಗಳಿಗೆ ಒಂದು ಲೆಕ್ಕವಿಲ್ಲ. ಸೀಟಿನ ಕೆಳಗಿನ ಕತ್ತಲಲ್ಲಿ ಎರಡು ಇಂಚು ಮೈಯಷ್ಟೇ ಕಂಡಾಗ ಈ ವ್ಯತ್ಯಾಸ ಯಾರಿಗೂ ಹೊಳೆಯುವುದಿಲ್ಲ. ತಲೆ ಕಂಡು ಫೋಟೋಗೆ ತಾಳೆಯಾಗುವ ತನಕ ಅದು ವಿಷದ ಹಾವೇ. ತಾಳೆಯಾಗಲಿಲ್ಲವೇ, ಬಾಗಿಲು ಮುಚ್ಚಿ ಅರಣ್ಯ ಇಲಾಖೆಗೆ ತಿಳಿಸಿ.

ಬೇಸಿಗೆಯಾದರೆ ಗಾಡಿ ನೆರಳಿಗೆ ಹೋಗಬೇಕು, ಅದೂ ಟೋ ಮಾಡಿಯೇ. ಓಡಿಸಿದರೆ ಪೆಡಲ್ ಬುಡದಲ್ಲಿ ಹಾವು ಸಿಕ್ಕೀತು. ಏಪ್ರಿಲ್-ಮೇನಲ್ಲಿ ಇಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಬಿಸಿಲಲ್ಲಿ ಮುಚ್ಚಿ ನಿಂತ ಕಾರಿನೊಳಗೆ 60ರ ಆಸುಪಾಸು. ಬಾಲ್ ಪೈಥಾನಿಗೆ ಹಿತವಾದದ್ದು 26ರಿಂದ 32. ಆ ಕಾವಿನಲ್ಲಿ ಅದು ಬಹಳ ಹೊತ್ತು ಬದುಕುವುದಿಲ್ಲ.

ಆಮೇಲೆ ದಾರಿ ಕಾಯುವುದು. ಹಿಂದಿನ ಬಂಪರ್ ಮೂಲೆಯ ಒಳಗೆ ರಬ್ಬರ್ ಪರದೆಯ ಗಾಳಿಕಿಂಡಿ ಇರುತ್ತದೆ, ಬಾಗಿಲು ಹಾಕಿದಾಗ ಒಳಗಿನ ಗಾಳಿ ಹೊರಹೋಗುವುದು ಅಲ್ಲಿಂದ. ಡಿಕ್ಕಿಯ ಪಕ್ಕದ ಟ್ರಿಮ್ (ಒಳಹೊದಿಕೆ) ಸಡಿಲವಿದ್ದರೆ ಹಾವಿಗೂ ಅದೇ ಬಾಗಿಲು. ಗಾಡಿಯ ಸುತ್ತ ಫರಸಿಯ ಮೇಲೆ ಎರಡು ಇಂಚು ಅಗಲ ಮೈದಾ ಎಳೆಯಿರಿ. ಕರಿ ಫರಸಿಯ ಮೇಲೆ ಬಿಳಿ ಹಿಟ್ಟು ಚೆನ್ನಾಗಿ ಕಾಣುತ್ತದೆ. ಗೆರೆ ಅಳಿಸಿದ್ದರೆ ಹಾವು ಹೊರಬಿದ್ದಿದೆ, ಗಾಡಿ ಬಿಚ್ಚುವುದು ದಂಡ. ಒಳಗೆ ಬಾಗಿಲ ಹೊಸ್ತಿಲಿಗೂ ಸೀಟುಗಳ ನಡುವೆಯೂ ಹಿಟ್ಟು ಉದುರಿಸಿ, ಕಾಲಿಡುವ ಕಡೆ ಸರಸರ ಸದ್ದು ಮಾಡುವ ತೆಳು ಪ್ಲಾಸ್ಟಿಕ್ ಹಾಸಿ. ಇದು ರಾತ್ರಿ ಓಡಾಡುವ ಪ್ರಾಣಿ. ಹಗಲಲ್ಲಿ ನಾಲ್ಕು ತಾಸು ಹುಡುಕುವುದಕ್ಕಿಂತ ರಾತ್ರಿ ಶೆಡ್ಡಿನ ಲೈಟು ಆರಿಸಿ ಸುಮ್ಮನೆ ಕೂತರೆ ಬೇಗ ಸಿಗುತ್ತದೆ.

ಚಳಿಗಾಲವಾದರೆ ಕೆಲಸ ಇನ್ನೂ ಸಲೀಸು. ಶೂಗಳ ರಟ್ಟಿನ ಡಬ್ಬಿಗೆ ಎರಡೂವರೆ ಇಂಚಿನ ತೂತು ಕೊರೆದು, ಒಳಗೆ ಟವೆಲ್ ಸುತ್ತಿದ ಬಿಸಿನೀರಿನ ರಬ್ಬರ್ ಚೀಲ ಇಡಿ. ನೀರು ಕುದಿಯಬಾರದು, ಟವೆಲ್ ಮೇಲೆ ಅಂಗೈ ಇಟ್ಟರೆ ಹಿತವೆನಿಸಬೇಕು. ಕಾರೆಲ್ಲ ತಣ್ಣಗೆ, ಡಬ್ಬಿಯೊಂದೇ ಬೆಚ್ಚಗೆ ಎಂದಾದರೆ ಹಾವು ತಾನೇ ಬಂದು ಸುರುಳಿ ಸುತ್ತುತ್ತದೆ. ಬೇಸಿಗೆಯಲ್ಲಿ ಇದೇ ಡಬ್ಬಿಗೆ ಒದ್ದೆ ಬಟ್ಟೆ ಹಾಕಿ. ಹಾಲಿನ ಬಟ್ಟಲು ಇಡಲು ಹೇಳುವವರು ಇದ್ದೇ ಇರುತ್ತಾರೆ. ಹಾವು ಹಾಲಿಗೆ ಬರುವುದಿಲ್ಲ, ಕಾರ್ಪೆಟ್ ಮೇಲೆ ಚೆಲ್ಲಿದ ಹಾಲಿನ ವಾಸನೆ ಮಾತ್ರ ತಿಂಗಳಾದರೂ ಹೋಗುವುದಿಲ್ಲ. ಫಿನಾಯಿಲ್, ಸೀಮೆಎಣ್ಣೆ ಹಾಕಿದರೆ ಅದು ಇನ್ನೂ ಒಳಕ್ಕೆ ಸರಿಯುತ್ತದೆ. ಥರ್ಮಲ್ ಕ್ಯಾಮೆರಾವನ್ನೂ ನೆಚ್ಚಬೇಡಿ. ಸುತ್ತಲಿನ ಕಾವೇ ಹಾವಿನ ಮೈಯ ಕಾವು, ಪರದೆಯಲ್ಲಿ ಬೇರೆಯಾಗಿ ಕಾಣುವುದಿಲ್ಲ.

ಎರಡು ರಾತ್ರಿ ಕಾದರೂ ಬರದಿದ್ದರೆ ಬಿಚ್ಚುವುದು. ಮೊದಲು 10 ನಂಬರ್ ಪಾನಾದಿಂದ ಬ್ಯಾಟರಿಯ ಮೈನಸ್ ತೆಗೆದು ಹತ್ತು ನಿಮಿಷ ಬಿಡಿ. ಸೀಟಿನ ಕೆಳಗಿನ ಹಳದಿ ಕಪ್ಲರ್ (ತಂತಿ ಜೋಡಿಸುವ ಕೊಂಡಿ) ಏರ್‌ಬ್ಯಾಗಿನದು, ಕರೆಂಟ್ ಇದ್ದಾಗ ಅದನ್ನು ಕೀಳಬಾರದು. ಮುಂದಿನ ಸೀಟಿಗೆ ನಾಲ್ಕು ಬೋಲ್ಟ್, ಬಹಳ ಗಾಡಿಗಳಲ್ಲಿ 14 ನಂಬರ್. ತೊಡಕು ಇರುವುದು ಇಲ್ಲಿಯೇ. ಹಿಂದಿನ ಬೋಲ್ಟ್ ಸಿಗಬೇಕೆಂದರೆ ಸೀಟು ಮುಂದೆ ಹೋಗಬೇಕು, ಮುಂದಿನದಕ್ಕೆ ಹಿಂದೆ ಬರಬೇಕು. ಅಂದರೆ ಬೇಡವೆಂದ ಕೆಲಸವನ್ನೇ ಮಾಡಬೇಕು. ಹಾಗಾಗಿ ಪ್ರತಿ ರೇಲಿಗೂ ಎರಡು ತುದಿಯಿಂದ ಪೈಪ್ ಕ್ಯಾಮೆರಾ ತೂರಿಸಿ, ಖಾಲಿ ಎಂದು ಖಾತ್ರಿಯಾದ ಮೇಲೆ ಒಬ್ಬರು ಸೀಟನ್ನು ಒಂದೊಂದೇ ಇಂಚು ಸರಿಸಬೇಕು, ಇನ್ನೊಬ್ಬರ ಕಣ್ಣು ರೇಲಿನ ಮೇಲೇ ಇರಬೇಕು. ಎತ್ತಿದ ಸೀಟನ್ನು ಮಗುಚಿ ಹಾಕಿದರೆ ಫೋಮಿಗೂ ತಂತಿಗೂ ನಡುವಿನ ಸಂದು ಕಾಣುತ್ತದೆ. ಅಲ್ಲಿರದಿದ್ದರೆ ಹ್ಯಾಂಡ್‌ಬ್ರೇಕ್ ಕನ್ಸೋಲ್, ಗ್ಲೋವ್ ಬಾಕ್ಸ್ ಹಿಂದಿನ ಎಸಿ ಫಿಲ್ಟರ್, ಕಾಲಿಗೆ ಗಾಳಿ ಬಿಡುವ ಡಕ್ಟ್, ಕೊನೆಗೆ ಸ್ಟೆಪ್ನಿ ಗುಂಡಿ. ಡಕ್ಟಿನ ಬಾಯಿಗೆ ಎಷ್ಟೋ ಗಾಡಿಗಳಲ್ಲಿ ಜಾಲರಿಯೇ ಇಲ್ಲ.

ಸಿಕ್ಕಿತು ಎಂದು ಬಾಲ ಹಿಡಿದು ಎಳೆಯಬೇಡಿ. ಹೊಟ್ಟೆಯ ಹುರುಪೆಗಳ ಅಂಚು ಹಿಂದಕ್ಕೆ ಮುಖ ಮಾಡಿರುತ್ತದೆ. ಮುಂದಕ್ಕೆ ಜಾರುವ ಮೈ ಹಿಂದಕ್ಕೆ ಎಳೆದರೆ ತಗಡಿನ ಅಂಚಿಗೆ ಸಿಕ್ಕಿ ಸೀಳುತ್ತದೆ. ಅರ್ಧ ಮೈ ತೂತಿನೊಳಗಿದ್ದರೆ ಅದು ಹೋಗುವ ಕಡೆಯ ಟ್ರಿಮ್ ಬಿಚ್ಚಿ, ಮುಂದೆ ಹೋಗಲು ಬಿಡಿ. ತಂತಿಗೆ ಸುತ್ತಿಕೊಂಡಿದ್ದರೆ ಎಳೆಯದೆ, ಬಾಲದ ಕಡೆಯಿಂದ ಒಂದೊಂದೇ ಸುತ್ತು ಬಿಡಿಸಿ. ಬಾಲ್ ಪೈಥಾನ್ ಕಚ್ಚಿ ಹಿಡಿದರೂ ಕೈ ಕಿತ್ತುಕೊಳ್ಳಬಾರದು, ಹಲ್ಲು ಒಳಬಾಗಿರುವುದರಿಂದ ಗಾಯ ದೊಡ್ಡದಾಗುತ್ತದೆ. ತಲೆಯ ಮೇಲೆ ತಣ್ಣೀರು ಬಿಟ್ಟರೆ ಸಡಿಲಿಸುತ್ತದೆ. ಬೇರೆ ಹಾವು ಕಚ್ಚಿದ್ದರೆ ಕಟ್ಟುವುದು, ಕೊಯ್ಯುವುದು ಬೇಡ. ಆ ಕೈ ಅಲುಗಿಸದೆ 108ರಲ್ಲಿ ನೇರ ದೊಡ್ಡ ಆಸ್ಪತ್ರೆಗೆ.

ವಾರವಾದರೂ ಸಿಗದಿದ್ದರೆ ಸತ್ತಿದೆ ಎಂದುಕೊಳ್ಳಬೇಡಿ. ಬೆಳೆದ ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ನೀರಿನ ಬಟ್ಟಲು ಒಳಗಿಟ್ಟು, ದಿನಾ ಬೆಳಿಗ್ಗೆ ಮೈದಾ ನೋಡುತ್ತಿರಿ. ಸಿಕ್ಕ ಮೇಲೆ ಸೀಟು ಕೂರಿಸಿ ಹಳದಿ ಕಪ್ಲರ್ ಹಾಕಿ, ಬ್ಯಾಟರಿ ಕೊಟ್ಟು ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಆರದಿದ್ದರೆ ಗಾಡಿ ಕೊಡಬೇಡಿ, ಕಪ್ಲರ್ ಸರಿಯಾಗಿ ಕೂತಿಲ್ಲದಿರಬಹುದು.