ಹೊಂಗೆ ಎಲೆ ಜಿಂಕ್ ಆಕ್ಸೈಡ್, ಐದನೇ ಬ್ಯಾಚ್

ಕೊನೆಗೂ ಬುಸ್ ಅನ್ನಲಿಲ್ಲ! ಐದನೇ ಬ್ಯಾಚಿನ ಪುಡಿಗೆ ವಿನೆಗರ್ ಬಿಟ್ಟೆ, ಸದ್ದಿಲ್ಲದೆ ಕರಗಿತು. ಬುಸ್ ಅಂತ ನೊರೆ ಬಂದ್ರೆ ಒಳಗೆ ಕಾರ್ಬೊನೇಟ್ ಉಳಿದಿದೆ ಅಂತ ಅರ್ಥ.

ಮಾಡೋ ರೀತಿ ಇಷ್ಟೇ: ಹೊಂಗೆ ಎಲೆಯ ಕಷಾಯ ಕಾಯಿಸಿ, ಜಿಂಕ್ ಲವಣ ಬೆರೆಸಿ, ವಾಷಿಂಗ್ ಸೋಡಾ ಹಾಕಿ ಬಿಳಿ ಗಷ್ಟು ಇಳಿಸೋದು, ಅದನ್ನು ಫರ್ನೇಸಿನಲ್ಲಿ ಸುಟ್ಟು ಜಿಂಕ್ ಆಕ್ಸೈಡಿನ ಸಣ್ಣ ಕಣಗಳ ಪುಡಿ ಮಾಡೋದು. ನನ್ನ ತಲೆ ತಿಂದಿದ್ದು ನಾಲ್ಕನೇ ಬ್ಯಾಚ್. ಕಾಲೇಜಲ್ಲಿರೋ ಗೆಳೆಯನ ಕೈಕಾಲು ಹಿಡಿದು ಎಕ್ಸ್‌ಆರ್‌ಡಿ ಮಾಡಿಸಿದ್ದೆ. ಪುಡಿಗೆ ಎಕ್ಸ್‌-ರೇ ಬಿಟ್ಟು, ಅದು ಯಾವ ಕೋನಗಳಲ್ಲಿ ಜೋರಾಗಿ ಚದುರುತ್ತೆ (ಅದೇ ಪೀಕ್) ಅಂತ ನೋಡಿ ಒಳಗೇನಿದೆ ಅಂತ ಹೇಳೋ ಪರೀಕ್ಷೆ ಅದು. 31.8, 34.4, 36.3 ಡಿಗ್ರಿ, ಜಿಂಕ್ ಆಕ್ಸೈಡಿನ ಮೂರೂ ಪೀಕ್ ಇರಬೇಕಾದ ಕಡೆಯೇ ಇದ್ದವು. ಜೊತೆಗೆ 29.4ರಲ್ಲಿ ಇನ್ನೊಂದು, ಕರೆಯದೇ ಬಂದ ನೆಂಟನ ಹಾಗೆ.

ಮೊದಲು ಬೈದದ್ದು ಫರ್ನೇಸನ್ನು. ಸರಿಯಾಗಿ ಸುಟ್ಟಿಲ್ಲ, ಜಿಂಕ್ ಕಾರ್ಬೊನೇಟ್ ಉಳಿದಿದೆ ಅಂದುಕೊಂಡೆ. ಮತ್ತೆ 450 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟೆ. ಹೊರಗೆ ತೆಗೆದಾಗ ಪುಡಿ ನಿಂಬೆಹಣ್ಣಿನ ಹಳದಿ. ಆರುತ್ತಾ ಆರುತ್ತಾ ಅಂಚಿನಿಂದ ಬೆಳ್ಳಗಾಯಿತು. ಜಿಂಕ್ ಆಕ್ಸೈಡಿನ ಹುಟ್ಟುಗುಣ ಅದು. ಆದ್ರೂ ವಿನೆಗರ್ ಬಿದ್ದ ತಕ್ಷಣ ಬುಸ್! ಅಷ್ಟು ಬಿಸಿಗೆ ಜಿಂಕ್ ಕಾರ್ಬೊನೇಟ್ ಉಳಿಯೋದಿಲ್ಲ. ಜಗ್ಗದೆ ಕೂರೋದು ಕ್ಯಾಲ್ಸಿಯಂ ಕಾರ್ಬೊನೇಟ್, ಗೀಸರ್ ಕಾಯಿಲಿಗೆ ಕಟ್ಟೋ ಅದೇ ಬಿಳಿ ಪದರ. 29.4ರ ನೆಂಟನೂ ಅದೇ. ಅದು ಒಡೆಯೋಕೆ 800ರ ಹತ್ತಿರ ಬೇಕು.

ಎಲ್ಲಿಂದ ಬಂತು? ಡಿಸ್ಟಿಲ್ಡ್ ವಾಟರ್ ಕ್ಯಾನಿನಿಂದ. ಸ್ಟೀಲ್ ತಟ್ಟೆ ಮೇಲೆ ಅದರದ್ದೊಂದು ಹನಿ, ಪಕ್ಕದಲ್ಲಿ ನಮ್ಮ ಬೋರ್ ನೀರಿನ ಹನಿ ಬಿಟ್ಟು ಒಣಗಿಸಿದೆ. ಎರಡು ಬಿಳಿ ಉಂಗುರ, ಅವಳಿ ಮಕ್ಕಳು! ಸೋಡಾ ಬಿದ್ದ ಕೂಡಲೇ ಆ ಕ್ಯಾಲ್ಸಿಯಂ ಎಲ್ಲಾ ಗಷ್ಟಿನ ಜೊತೆ ಇಳಿದಿತ್ತು. ಅಂಗಡಿಯವರನ್ನು ಕೇಳಿದ್ರೆ "ಬ್ಯಾಟರಿಗೆ ತಾನೇ, ನಡೆಯುತ್ತೆ ಸಾರ್" ಅಂದರು. ಬ್ಯಾಟರಿಗೂ ನಡೆಯಲ್ಲ ಮಾರಾಯ್ರೇ. ನಮ್ಮ ಬೋರ್ ನೀರಲ್ಲಿ ಬೇಳೆಯೇ ಬೇಯಲ್ಲ.

ಕುಕ್ಕರಿನ ಸೀಟಿ ಜಾಗಕ್ಕೆ ಸಿಲಿಕೋನ್ ಪೈಪ್ ಸಿಕ್ಕಿಸಿ ನಾನೇ ನೀರು ಇಳಿಸಿದೆ. ಸಂಜೆಯಿಡೀ ಕೂತ್ರೆ ಒಂದು ಲೀಟರ್. ಪಕ್ಕದ ಮನೆಯವರಿಗೆ ಬೇರೆಯೇ ಅನುಮಾನ.

ಅಂದ ಹಾಗೆ, ಕಷಾಯ ಜಿಂಕನ್ನು ರೆಡ್ಯೂಸ್ ಮಾಡುತ್ತೆ, ಅಂದ್ರೆ ಎಲೆಕ್ಟ್ರಾನ್ ಕೊಟ್ಟು ಲೋಹ ಮಾಡುತ್ತೆ ಅಂತ ಸುಮ್ನೆ ಬರೀಬೇಡಿ. ಅದು ಎಲೆ ಕಷಾಯದಲ್ಲಿ ಬೆಳ್ಳಿ ಕಣ ಮಾಡುವಾಗಿನ ಕಥೆ. ಇಲ್ಲಿ ಜಿಂಕ್ ಮೊದಲಿಂದ ಕೊನೆವರೆಗೂ ಎರಡು ಪ್ಲಸ್ಸೇ, ಎಲೆಕ್ಟ್ರಾನ್ ಲೆಕ್ಕ ಬದಲಾಗೋದೇ ಇಲ್ಲ. ಎಲೆಯಲ್ಲಿರೋ ಪಾಲಿಫಿನಾಲ್ ಅನ್ನೋ ಒಗರು ಪದಾರ್ಥಗಳು ಜಿಂಕ್ ಕಣಗಳನ್ನು ಸುತ್ತಿಕೊಂಡು ಜಾಸ್ತಿ ಬೆಳೆಯದ ಹಾಗೆ ತಡೆಯುತ್ತವೆ, ಅಷ್ಟೇ.

ಈ ಪುಡಿ ಮೊಳಕೆಯ ಬೇರಿಗೆ ಏನು ಮಾಡುತ್ತೆ ಅಂತ ಹಳೇ ಪುಡಿ ಹಾಕಿ ನೋಡಿದ ಹೆಸರುಕಾಳಿನ ಲೆಕ್ಕವನ್ನೆಲ್ಲ ಹರಿದು ಹಾಕಿದೆ. ಈ ಸಲ ಪಕ್ಕದಲ್ಲೇ ನೀರಲ್ಲಿ ಕರಗೋ ಜಿಂಕ್ ಸಲ್ಫೇಟಿನ ತಟ್ಟೆಯೂ ಇರುತ್ತೆ. ಬೇರು ಕುಗ್ಗಿಸೋದು ಕಣವೋ, ಕರಗಿದ ಜಿಂಕೋ ಗೊತ್ತಾಗಬೇಕಲ್ವಾ?

ಆಮೇಲೆ ಬಟ್ಟೆ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ದಾವಣಗೆರೆ. ಹತ್ತಿ ಬಟ್ಟೆಗೆ ಈ ಪುಡಿ ಹಚ್ಚಿ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತಾ ನೋಡಬೇಕು. ಅಪ್ಪನ ಪಂಚೆ ಒಂದನ್ನು ಆಗಲೇ ಕತ್ತರಿಸಿಟ್ಟಿದ್ದೇನೆ. ಅವರಿಗಿನ್ನೂ ಗೊತ್ತಿಲ್ಲ.