ಊರು ಬಿಡುವಾಗ ಕೊಟ್ಟ ಸಿಮ್

ಹೋದ ವಾರ ಇಲ್ಲಿ ಬ್ರಿಸ್ಬೇನ್‌ನಲ್ಲಿ ಗೆಳೆಯನೊಬ್ಬ ಮನೆ ಖಾಲಿ ಮಾಡಿದ. ಕೆನಡಾಕ್ಕೆ ಹೊರಟಿದ್ದಾನೆ. ಊರು ಬಿಡುವವರ ಮನೆಗೆ ಹೋದರೆ ಯಾರೂ ಬರಿಗೈಲಿ ವಾಪಸ್ ಬರುವುದಿಲ್ಲ. ನನಗೆ ಕುಕ್ಕರ್, ಇಡ್ಲಿ ತಟ್ಟೆ, ಅರ್ಧ ಡಬ್ಬ ಸಾರಿನ ಪುಡಿ ಸಿಕ್ಕಿತು. ಕೊನೆಗೆ ಒಂದು ಸಿಮ್ ಕಾರ್ಡ್ ಚಾಚಿ, "ಇದ್ರಲ್ಲಿ ಇನ್ನೂ ಇಪ್ಪತ್ತು ಡಾಲರ್ ಇದೆ, ಸುಮ್ನೆ ವೇಸ್ಟ್ ಆಗುತ್ತೆ. ಇಟ್ಕೊಳ್ಳಿ ಸರ್" ಎಂದ. ನನ್ನ ಕೈ ಮುಂದೆ ಹೋಗಲಿಲ್ಲ.

ಅವನಿಗೆ ಅರ್ಥವಾಗಲಿಲ್ಲ. 2007ರಲ್ಲಿ ಅವನಿನ್ನೂ ದಾವಣಗೆರೆಯಲ್ಲಿ ಹೈಸ್ಕೂಲು. ನಾನು ಆಗಲೇ ಇಲ್ಲಿದ್ದೆ.

ಆ ವರ್ಷ ಜೂನ್ 29ಕ್ಕೆ ಲಂಡನ್‌ನಲ್ಲಿ ಗ್ಯಾಸ್ ಸಿಲಿಂಡರ್ ತುಂಬಿದ ಎರಡು ಕಾರು ಸಿಕ್ಕವು. ಮಾರನೇ ದಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಬಾಗಿಲಿಗೆ ಉರಿಯುವ ಜೀಪು ನುಗ್ಗಿತು. ಅದನ್ನು ಓಡಿಸಿದವನು ಬೆಂಗಳೂರಿನ ಎಂಜಿನಿಯರ್ ಕಫೀಲ್ ಅಹ್ಮದ್. ಸುಟ್ಟ ಗಾಯದಿಂದ ಆಗಸ್ಟ್‌ನಲ್ಲಿ ಅವನೇ ಸತ್ತ. ಬೇರೆ ಯಾರೂ ಸಾಯಲಿಲ್ಲ, ಪುಣ್ಯ.

ಜುಲೈ 2ರ ರಾತ್ರಿ ಬ್ರಿಸ್ಬೇನ್ ಏರ್‌ಪೋರ್ಟಿನಲ್ಲಿ ಡಾ. ಮೊಹಮ್ಮದ್ ಹನೀಫ್ ಅವರನ್ನು ಹಿಡಿದರು. ಗೋಲ್ಡ್ ಕೋಸ್ಟ್ ಆಸ್ಪತ್ರೆಯ ಡಾಕ್ಟರ್, ಬೆಂಗಳೂರಲ್ಲಿ ಓದಿದವರು, ಕಫೀಲ್‌ಗೆ ದೂರದ ಸಂಬಂಧಿ. ಬ್ರಿಟನ್ ಬಿಡುವಾಗ ತಮ್ಮ ಸಿಮ್ ಅನ್ನು ಕಫೀಲ್‌ನ ತಮ್ಮನಿಗೆ ಕೊಟ್ಟು ಬಂದಿದ್ದರು. ಆಗಷ್ಟೇ ಹುಟ್ಟಿದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟಿದ್ದರು. ಕೈಯಲ್ಲಿದ್ದದ್ದು ಹೋಗುವ ಟಿಕೆಟ್ ಮಾತ್ರ. ಸಿಮ್ಮು, ಒಂದೇ ಕಡೆಯ ಟಿಕೆಟ್ಟು, ಸಂಬಂಧ. ಅಷ್ಟು ಸಾಕಾಯಿತು.

ಇಲ್ಲಿಯವರ ಭಯ ಸುಳ್ಳಲ್ಲ. 2002ರ ಬಾಲಿ ಬಾಂಬಿಗೆ 88 ಆಸ್ಟ್ರೇಲಿಯನ್ನರು ಬಲಿಯಾಗಿದ್ದರು. 2005ರಲ್ಲಿ ಲಂಡನ್ ಮೆಟ್ರೋ, ಬಸ್ಸುಗಳಲ್ಲಿ 52 ಜನ. ನಾನೂ ದಿನಾ ರೈಲಲ್ಲಿ ಓಡಾಡುವವನೇ, ಬಿಟ್ಟುಹೋದ ಬ್ಯಾಗ್ ಕಂಡರೆ ನನಗೂ ಎದೆ ಧಸಕ್ ಅನ್ನುತ್ತಿತ್ತು.

ಆ ವಾರ ಆಫೀಸಿನಲ್ಲಿ ಊಟದ ಹೊತ್ತು. ಮೈಕ್ರೋವೇವ್‌ನಲ್ಲಿ ನನ್ನ ಚಿತ್ರಾನ್ನ ತಿರುಗುತ್ತಿತ್ತು. ಪಕ್ಕದಲ್ಲಿ ನಿಂತ ಸಹೋದ್ಯೋಗಿ, ಒಳ್ಳೆಯ ಮನುಷ್ಯನೇ, "ನೀನೂ ಬೆಂಗಳೂರಿನವನು ಅಲ್ವಾ? ಅವನು ಗೊತ್ತಾ?" ಎಂದು ಕೇಳಿದ. "ಇಲ್ಲ, ನಾನು ಹಿಂದೂ" ಅಂದುಬಿಟ್ಟೆ. ಅವನು ನನ್ನ ಧರ್ಮ ಕೇಳಿರಲೇ ಇಲ್ಲ. ಮೈಕ್ರೋವೇವ್ ಕುಂಯ್ ಅಂತು. ಡಬ್ಬಿ ತಗೊಂಡು ನನ್ನ ಸೀಟಿಗೆ ಹೋಗಿ ಕೂತೆ.

ನಾನೊಬ್ಬನೇ ಅಲ್ಲ. ಆ ತಿಂಗಳು ನಮ್ಮವರು ಸೇರಿದ ಕಡೆಯೆಲ್ಲ ಅದೇ ಮಾತು, "ನಮಗ್ಯಾಕೆ ಬೇಕು, ನಮ್ಮ ಪಿಆರ್ ಕೆಡುತ್ತೆ". ಪಿಆರ್ ಅಂದರೆ ಇಲ್ಲೇ ಕಾಯಂ ನೆಲೆಸುವ ಪರವಾನಗಿ. ಬೆಂಕಿಯಿಲ್ಲದೆ ಹೊಗೆ ಬರುತ್ತಾ ಅಂತ ಒಬ್ಬರು. ಅಮ್ಮ ಊರಿಂದ ಫೋನ್ ಮಾಡಿ, "ನೀನೂ ಯಾರಿಗಾದ್ರೂ ಸಿಮ್ಮು ಪಮ್ಮು ಕೊಟ್ಟಿದೀಯೇನೋ ಮಗಾ?" ಅಂದರು. ನಾನು ಕೊಟ್ಟಿರಲಿಲ್ಲ, ತಗೊಂಡಿದ್ದೆ. ಆಗ ಬಳಸುತ್ತಿದ್ದ ನಂಬರೇ ಸಿಡ್ನಿಗೆ ಹೋದ ಗೆಳೆಯನ ಹೆಸರಲ್ಲಿತ್ತು.

ಹನೀಫ್ ಅವರನ್ನು ಆರೋಪ ಹೊರಿಸದೆ 12 ದಿನ ಇಟ್ಟುಕೊಂಡರು. ಆಮೇಲೆ ಕೋರ್ಟಿನಲ್ಲಿ ಸರ್ಕಾರದ ಕಡೆಯವರು ಸಿಮ್ ಉರಿದ ಜೀಪಿನಲ್ಲಿ ಸಿಕ್ಕಿತು ಎಂದರು. ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ, ಕಫೀಲ್‌ನ ತಮ್ಮನ ಹತ್ತಿರ. ಜುಲೈ 16ಕ್ಕೆ ಮ್ಯಾಜಿಸ್ಟ್ರೇಟ್ 10,000 ಡಾಲರ್ ಜಾಮೀನು ಕೊಟ್ಟರು. ಕೆಲವೇ ಗಂಟೆಗಳಲ್ಲಿ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್ 'ನಡತೆ ಸರಿಯಿಲ್ಲ' ಎಂದು ವೀಸಾ ರದ್ದು ಮಾಡಿದರು. ನಮಗೆಲ್ಲ ಕಾಲು ನಡುಗಿದ್ದು ಆಗ. ಅವರದೂ 457 ವೀಸಾ (ಕೆಲಸ ಕೊಟ್ಟವರ ಮೂಲಕ ಸಿಗುತ್ತಿದ್ದ ತಾತ್ಕಾಲಿಕ ವೀಸಾ), ನನ್ನದೂ 457.

ಆದರೆ ಈ ದೇಶದ ಇನ್ನೊಂದು ಮುಖ ಕಂಡಿದ್ದೂ ಆಗಲೇ. ಅವರ ಬ್ಯಾರಿಸ್ಟರ್ ಸ್ಟೀಫನ್ ಕೀಮ್ ಪೊಲೀಸರ ವಿಚಾರಣೆಯ ಪ್ರತಿಯನ್ನೇ ಪತ್ರಿಕೆಗೆ ಕೊಟ್ಟುಬಿಟ್ಟರು. ಜನ ಓದಿದರು. ಬ್ರಿಟನ್ ಪೊಲೀಸ್ ಅಧಿಕಾರಿಗೆ ತಾನೇ ಫೋನ್ ಹಚ್ಚಲು ನೋಡಿದ್ದೆ ಎಂದು ಹನೀಫ್ ಅದರಲ್ಲಿ ಹೇಳಿದ್ದರು. ರೇಡಿಯೋಗೆ ಫೋನ್ ಮಾಡಿ ಬೈಯುತ್ತಿದ್ದವರ ನಡುವೆ ಈಗ "ಏನ್ ಮಾಡಿದ್ದಾನೆ ಅಂತ ತೋರಿಸಿ" ಅನ್ನುವವರೂ ಬಂದರು. ಅವರಿಗೆ ಹನೀಫ್ ಯಾವ ನೆಂಟನೂ ಅಲ್ಲ. ನಮ್ಮಲ್ಲಿ ಅಷ್ಟು ಬಾಯಿಬಿಟ್ಟವರು ಕಡಿಮೆ.

ಜುಲೈ 27ಕ್ಕೆ ಆರೋಪ ಕೈಬಿಟ್ಟರು. ಎರಡು ದಿನಕ್ಕೆ ಅವರು ಬೆಂಗಳೂರು ಸೇರಿದರು. ಆಗಸ್ಟ್‌ನಲ್ಲಿ ಫೆಡರಲ್ ಕೋರ್ಟ್ ವೀಸಾ ರದ್ದತಿಯನ್ನೂ ತಳ್ಳಿಹಾಕಿತು. ವಿಚಾರಣೆ ವೇಳೆ ನ್ಯಾಯಮೂರ್ತಿ ಜೆಫ್ರಿ ಸ್ಪೆಂಡರ್, ಸಚಿವರ ಲೆಕ್ಕ ಹಿಡಿದರೆ ನಾನೂ ನಡತೆ ಪರೀಕ್ಷೆಯಲ್ಲಿ ಫೇಲು ಎಂಬರ್ಥದಲ್ಲಿ ಹೇಳಿದ್ದರು. ವಕೀಲಿಕೆಯಲ್ಲಿದ್ದಾಗ ಅಪರಾಧದ ಶಂಕೆ ಇದ್ದವರ ಒಡನಾಟ ಅವರಿಗೂ ಇತ್ತಲ್ಲ! ಅದನ್ನು ಪೇಪರಿನಲ್ಲಿ ಓದಿ ತಿಂಗಳ ನಂತರ ಮೊದಲ ಸಲ ನಕ್ಕೆ. 2008ರ ಕೊನೆಗೆ, ಈ ಪ್ರಕರಣದ ತನಿಖೆಗೆ ಸರ್ಕಾರ ನೇಮಿಸಿದ್ದ ಜಾನ್ ಕ್ಲಾರ್ಕ್ ಅವರ ವರದಿ ಬಂದು ಅವರ ಮೇಲೆ ಕೇಸೇ ಹಾಕಬಾರದಿತ್ತು ಎಂದಿತು. 2010ರಲ್ಲಿ ಪರಿಹಾರವೂ ಸಿಕ್ಕಿತು.

ಊಟದ ಕೋಣೆಯ ಆ ಸಹೋದ್ಯೋಗಿ ಆಮೇಲೊಂದು ದಿನ ತಾನಾಗಿಯೇ ಬಂದು, "ಪಾಪ, ನಿಮ್ಮೂರಿನ ಡಾಕ್ಟರಿಗೆ ಅನ್ಯಾಯ ಆಯ್ತು" ಎಂದ. ಹೂಂ ಅಂದೆ. 'ನಿಮ್ಮೂರಿನ' ಎಂದು ಅವನೇ ಹೇಳಬೇಕಾಯಿತು.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಗೆಳೆಯನ ಟೀ ಆರಿತ್ತು. ಕುಕ್ಕರ್ ಎತ್ತಿಕೊಂಡೆ. ಅವನು ಕತ್ತರಿ ಹುಡುಕಿ ತಂದು ಸಿಮ್ಮನ್ನು ಎರಡು ತುಂಡು ಮಾಡಿದ. ಇಪ್ಪತ್ತು ಡಾಲರ್ ಹೋಯ್ತಲ್ಲ ಅಂತ ಅವನ ಹೆಂಡತಿ ನನ್ನನ್ನೇ ನೋಡುತ್ತಿದ್ದರು.