ತಾಯಿ ಕಟ್ಟಿಕೊಟ್ಟ ಬುತ್ತಿ

ಅಡಿಕೆ ಕೊಯ್ಲಿಗೆಂದು ಶಿರಸಿಯ ಮನೆಗೆ ಬಂದಿದ್ದೇನೆ. ಜೀಬ್ರಾ ಮೀನಿನ ಒಂದು ಜೀನನ್ನು ಕೆಡಿಸಿ, ಅದರ ಕೆಲಸವೇನೆಂದು ಹುಡುಕುವುದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ಮೊನ್ನೆ ರಾತ್ರಿ ಎಲ್ಲರೂ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದಾಗ ಅಪ್ಪಯ್ಯ ಕೇಳಿದರು: "ಆ ಜೀನು ತೆಗೆದ್ರೆ ಮೀನಿಗೆ ಎಂತ ಆಗ್ತು ತಮಾ?" ಸದ್ಯಕ್ಕೆ ಏನೂ ಆಗಿಲ್ಲ ಎಂದೆ. ಆ ಉತ್ತರ ಅವರಿಗೆ ಸಾಲಲಿಲ್ಲ, ನನಗೂ ಸಾಲದು. ಆದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಜೀಬ್ರಾ ಮೀನು ನಮ್ಮ ಉಪಖಂಡದ ಹಳ್ಳ, ಗದ್ದೆಗಳದ್ದೇ. ಅದನ್ನು 1822ರಲ್ಲಿ ಮೊದಲು ವರ್ಣಿಸಿದ ಫ್ರಾನ್ಸಿಸ್ ಬುಕಾನನ್, ಅದಕ್ಕೂ ಎರಡು ದಶಕ ಮೊದಲು ಸೋಂದೆ, ಶಿರಸಿಗಳ ದಾರಿಯಲ್ಲಿ ನಮ್ಮ ತೋಟಗಳನ್ನು ನೋಡುತ್ತ ಹೋದವನು ಎಂಬುದು ನನಗೆ ಪ್ರಿಯವಾದ ಸಂಗತಿ. 2013ರಲ್ಲಿ ಪ್ರಕಟವಾದ ಈ ಮೀನಿನ ಜೀನೋಮಿನಲ್ಲಿ, ಅಂದರೆ ಇಡೀ ಡಿಎನ್‌ಎಯಲ್ಲಿ, ಪ್ರೋಟೀನು ತಯಾರಿಸುವ 26,000ಕ್ಕೂ ಹೆಚ್ಚು ಜೀನುಗಳಿವೆ. ಮನುಷ್ಯರ ಜೀನುಗಳಲ್ಲಿ ಸುಮಾರು ಶೇಕಡಾ 70ಕ್ಕೆ ಇದರಲ್ಲಿ ಸಾಟಿಯಿದೆ. ನನ್ನ ಪಾಲಿಗೆ ಬಂದಿರುವ ಜೀನಿಗೆ ಮಾತ್ರ ಹೆಸರಿನ ಬದಲು ಒಂದು ಸಂಖ್ಯೆಯಷ್ಟೇ ಇದೆ.

ಹಿಂದಿನ ಸಂಜೆ ತೊಟ್ಟಿಯಲ್ಲಿ ಗಂಡು ಹೆಣ್ಣುಗಳ ನಡುವೆ ಇಟ್ಟ ಅಡ್ಡತಡೆಯನ್ನು ಬೆಳಿಗ್ಗೆ ದೀಪ ಹೊತ್ತಿದೊಡನೆ ತೆಗೆದರೆ, ಸ್ವಲ್ಪ ಹೊತ್ತಿನಲ್ಲೇ ಸಾಬಕ್ಕಿಯಂತಹ ಪಾರದರ್ಶಕ ಮೊಟ್ಟೆಗಳು ತಳಕ್ಕಿಳಿಯುತ್ತವೆ. ಸುಮಾರು ಮುಕ್ಕಾಲು ಗಂಟೆಗೆ ಒಂದು ಕೋಶ ಎರಡಾಗುತ್ತದೆ, ಆಮೇಲೆ ಹದಿನೈದು ನಿಮಿಷಕ್ಕೊಮ್ಮೆ ಇಮ್ಮಡಿಸುತ್ತ ಹೋಗುತ್ತದೆ. 28.5 ಡಿಗ್ರಿ ಶಾಖದಲ್ಲಿಟ್ಟರೆ ಮರುದಿನ ಅದೇ ಹೊತ್ತಿಗೆ ಕಣ್ಣು, ಬಾಲ ಮೂಡಿ, ಹೃದಯ ಮಿಡಿಯುವುದು ಸೂಕ್ಷ್ಮದರ್ಶಕದಡಿ ಕಾಣುತ್ತದೆ. ಎಷ್ಟು ಸಲ ನೋಡಿದರೂ ಆ ಮಿಡಿತದ ಮುಂದೆ ನಾನು ಒಂದು ಕ್ಷಣ ಸುಮ್ಮನಾಗುತ್ತೇನೆ.

ಡಿಎನ್‌ಎಯನ್ನು ಬೇಕಾದ ಕಡೆ ಕತ್ತರಿಸುವ ಕ್ರಿಸ್ಪರ್ ವಿಧಾನದಿಂದ ಕೆಡಿಸಿದ ಜೀನಿನ ಒಂದೊಂದೇ ಪ್ರತಿಯನ್ನು ಹೊತ್ತ ತಂದೆತಾಯಿಗಳನ್ನು ಕೂಡಿಸಿದರೆ, ಮರಿಗಳಲ್ಲಿ ಕಾಲುಭಾಗಕ್ಕೆ ಆ ಜೀನಿನ ಎರಡೂ ಪ್ರತಿ ಕೆಟ್ಟಿರುತ್ತವೆ. ನನ್ನ ಮರಿಗಳಲ್ಲಿ ಆ ಕಾಲುಭಾಗವೂ ಉಳಿದವುಗಳಂತೆಯೇ ಈಜುತ್ತಿದೆ. ಆದರೆ ಇದರಿಂದ ಜೀನಿಗೆ ಕೆಲಸವಿಲ್ಲವೆಂದು ಹೇಳುವುದು ಆತುರವಾದೀತು. ಮೊದಲ ಮೂರು ಗಂಟೆ ಭ್ರೂಣದ ಸ್ವಂತ ಜೀನುಗಳು ಬಹುಪಾಲು ಮೌನವಾಗಿರುತ್ತವೆ. ಅಷ್ಟು ಹೊತ್ತೂ ಅದು ಬದುಕುವುದು, ಮೊಟ್ಟೆ ಕಟ್ಟುವಾಗಲೇ ತಾಯಿ ತುಂಬಿಟ್ಟ ಆರ್‌ಎನ್‌ಎ (ಜೀನಿನ ನಕಲು) ಮತ್ತು ಪ್ರೋಟೀನುಗಳ ಬುತ್ತಿಯಿಂದ. ತಾಯಿಯಲ್ಲಿ ಸರಿಯಾದ ಒಂದು ಪ್ರತಿ ಇದ್ದುದರಿಂದ ಮಗುವಿನ ಕೊರತೆ ಅದರಲ್ಲೇ ಮುಚ್ಚಿಹೋಗಿರಬಹುದು. ಇದನ್ನು ಹೇಳಿದಾಗ ಅಮ್ಮ ಸುಲಿಯುವುದನ್ನು ನಿಲ್ಲಿಸಿ, "ಹಂಗಾರೆ ಬುತ್ತಿ ಇಲ್ದೇ ಕಳಿಸಿ ನೋಡವು" ಎಂದರು. ಮುಂದಿನ ಪ್ರಯೋಗ ಅದೇ: ಎರಡೂ ಪ್ರತಿ ಕೆಟ್ಟ ತಾಯಿಯ ಮೊಟ್ಟೆಗಳು ಏನಾಗುತ್ತವೆಂದು ನೋಡುವುದು.

ಯಾರೂ ಗಮನಿಸದ ಜೀನಿನಲ್ಲಿ ಎಷ್ಟು ಅಡಗಿರಬಹುದೆಂಬುದಕ್ಕೆ ಜೀಬ್ರಾ ಮೀನಿನದೇ ಟಾಡ್ಲರ್ ಎಂಬ ಜೀನು ಸಾಕ್ಷಿ. ಪ್ರೋಟೀನನ್ನೇ ತಯಾರಿಸದೆಂದು ಎಣಿಸಿದ್ದ ಆ ಜೀನು 60ಕ್ಕಿಂತ ಕಡಿಮೆ ಅಮೈನೋ ಆಮ್ಲಗಳ ಪೆಪ್ಟೈಡನ್ನು, ಅಂದರೆ ಪುಟ್ಟ ಪ್ರೋಟೀನನ್ನು, ಕೊಡುತ್ತದೆ, ಅದಿಲ್ಲದ ಭ್ರೂಣಗಳಲ್ಲಿ ಹೃದಯವೇ ಸರಿಯಾಗಿ ರೂಪುಗೊಳ್ಳದು ಎಂದು 2013-14ರಲ್ಲಿ ಎರಡು ತಂಡಗಳು ತೋರಿಸಿದವು.

ಎರಡೂ ಪ್ರತಿ ಕೆಟ್ಟ ಹೆಣ್ಣುಮರಿಗಳು ದೊಡ್ಡವಾಗಿ ಮೊಟ್ಟೆಯಿಡಲು ಮೂರು ತಿಂಗಳಾದರೂ ಬೇಕು. ಕೊಯ್ಲು ಮುಗಿಸಿ ಹೋದ ಮೇಲೆ ಬಾಲದ ರೆಕ್ಕೆಯ ಚೂರು ತೆಗೆದು, ಡಿಎನ್‌ಎ ಪರೀಕ್ಷಿಸಿ, ಅವನ್ನು ಬೇರೆ ತೊಟ್ಟಿಗೆ ಹಾಕಬೇಕಾಗಿದೆ.